ಜಾತ್ರೆ, ಪರೀಕ್ಷೆ ಮತ್ತು ರಜಾ ಚೀಟಿ

ಗುಬ್ಬಿಯಪ್ಪನ ಜಾತ್ರೆ ಬರೋದು ಫಾಲ್ಗುಣದಲ್ಲಿ. ಸಿದ್ಧಗಂಗೆ ಜಾತ್ರೆ ಶಿವರಾತ್ರಿಗೆ. ದೇವರಾಯನದುರ್ಗದ ತೇರು ಫಾಲ್ಗುಣದ ಹುಣ್ಣಿಮೆಗೆ. ಕುಣಿಗಲ್ ತಾಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ತೇರು ಯುಗಾದಿ ಕಳೆದ ಮೇಲೆ, ಚೈತ್ರದಲ್ಲಿ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹೇಳೋದಾದ್ರೆ ಫೆಬ್ರವರಿಯಿಂದ ಏಪ್ರಿಲ್ ಮೊದಲ ಭಾಗದ ತನಕ.

ಈಗ ಸ್ಕೂಲಿನ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಪಾಠ ಮುಗಿಸೋದು, ರಿವಿಷನ್ನು, ಪೂರ್ವಸಿದ್ಧತಾ ಪರೀಕ್ಷೆ, ಎಸ್ಸೆಸ್ಸೆಲ್ಸಿ, ವಾರ್ಷಿಕ ಪರೀಕ್ಷೆ... ಎಲ್ಲವೂ ಅದೇ ಎರಡು ಎರಡೂವರೆ ತಿಂಗಳಲ್ಲಿ. ಅಂದ್ರೆ ಊರಿಗೆ ಊರೇ ಬಿಡುವಾಗಿ ಗಾಡಿ ಕಟ್ಟೋ ಹೊತ್ತಿಗೆ ಸರಿಯಾಗಿ ಮಗು ಮಾತ್ರ ಬೆಂಚಿನ ಮೇಲೆ ಕೂತಿರಬೇಕು. ಆಮೇಲೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ರಜೆ ಕೊಟ್ಟು "ಈಗ ಹೋಗಿ ಬನ್ನಿ" ಅಂತಾರೆ. ಹೋಗೋದೆಲ್ಲಿಗೆ? ತೇರು ಎಳೆದು ಮುಗಿದಿದೆ, ಕಡ್ಲೆಪುರಿ ಅಂಗಡಿಯವನು ಗಂಟು ಕಟ್ಟಿದ್ದಾನೆ :)

ಇದು ಯಾರೋ ಬೇಕಂತ ಮಾಡಿದ ಎಡವಟ್ಟಲ್ಲ. ಎರಡು ಬೇರೆ ಬೇರೆ ಲೆಕ್ಕಗಳು ಒಂದರ ಮೇಲೊಂದು ಕೂತಿವೆ ಅಷ್ಟೆ. ನಮ್ಮದು ರಾಗಿ ಸೀಮೆ. ಮುಂಗಾರಲ್ಲಿ ಬಿತ್ತಿದ ರಾಗಿ ಕಾರ್ತಿಕ-ಮಾರ್ಗಶಿರದಲ್ಲಿ ಕೊಯ್ಲಿಗೆ ಬರುತ್ತೆ, ಮೆದೆ ಹಾಕಿ, ಕಣ ಮಾಡಿ, ಒಕ್ಕಣೆ ಮುಗಿಸೋ ಹೊತ್ತಿಗೆ ಸಂಕ್ರಾಂತಿ. ಅಲ್ಲಿಂದ ಮುಂದೆ ಭರಣಿ ಮಳೆ ಬಂದು ನೇಗಿಲು ಕಟ್ಟೋ ತನಕ ಕೈಯಲ್ಲಿ ಒಂದಿಷ್ಟು ದುಡ್ಡು, ಒಂದಿಷ್ಟು ಬಿಡುವು ಎರಡೂ ಇರುತ್ತೆ. ಮದುವೆಗಳು ಆವಾಗ, ಮನೆದೇವರಿಗೆ ಹೋಗೋದು ಆವಾಗ, ದನದ ಜಾತ್ರೆಗಳೂ ಆವಾಗ. ಉಳುಮೆ ಶುರುವಾಗೋಕೆ ಮುಂಚೆ ಎತ್ತು ಕೊಳ್ಳಬೇಕಲ್ಲ. ಸಿದ್ಧಗಂಗೆ ಜಾತ್ರೆ ಅಂದ್ರೆ ನಮ್ಮಜ್ಜನ ಕಾಲದವರಿಗೆ ದೇವರಿಗಿಂತ ಮುಂಚೆ ನೆನಪಾಗ್ತಿದ್ದದ್ದು ಅಲ್ಲಿನ ದನಗಳ ಸಾಲು. ಜಾತ್ರೆಯ ಕಾಲ ಸುಗ್ಗಿಯ ಲೆಕ್ಕದ್ದು. ಸ್ಕೂಲಿನ ರಜೆ ಬಿಸಿಲಿನ ಲೆಕ್ಕದ್ದು.

ಈ ಎರಡು ಲೆಕ್ಕದ ನಡುವೆ ಸೇತುವೆ ಥರ ಇದ್ದದ್ದು ರಜಾ ಚೀಟಿ. ಅದರ ಒಕ್ಕಣೆ ನಿಮಗೂ ಬಾಯಿಪಾಠ ಇರುತ್ತೆ. "ನನಗೆ ಜ್ವರ ಬಂದಿದ್ದರಿಂದ ಮೂರು ದಿನ ಶಾಲೆಗೆ ಬರಲಾಗಲಿಲ್ಲ, ದಯವಿಟ್ಟು ಕ್ಷಮಿಸಬೇಕಾಗಿ ವಿನಂತಿ." ಜಾತ್ರೆಗೆ ಹೋಗಿದ್ವಿ ಅಂತ ನಿಜ ಬರೆದವರನ್ನ ನಾನಂತೂ ನೋಡಿಲ್ಲ. ಮೇಷ್ಟ್ರಿಗೂ ಗೊತ್ತು, ಜ್ವರ ಬಂದ ಹುಡುಗನ ಕೈಯಲ್ಲಿ ಹೊಸ ಪ್ಲಾಸ್ಟಿಕ್ ವಾಚ್ ಯಾಕಿದೆ ಅಂತ. ಸಹಿ ಹಾಕಿ ಒಳಗೆ ಕಳಿಸ್ತಿದ್ರು. ಅವರೂ ಅದೇ ತೇರಿಗೆ ಬಾಳೆಹಣ್ಣು ಎಸೆದು ಬಂದಿರ್ತಿದ್ರು.

ಮೊದಲು ಹೀಗಿರಲಿಲ್ಲ. ಸರ್ಕಾರಿ ಸ್ಕೂಲು ಬರೋ ಮುಂಚೆ ನಮ್ಮ ಊರುಗಳಲ್ಲಿ ಇದ್ದದ್ದು ಕೂಲಿಮಠ. ಯಾರದೋ ಜಗುಲಿ, ಇಲ್ಲ ದೇವಸ್ಥಾನದ ಹಜಾರ, ಮರಳಲ್ಲಿ ಅಕ್ಷರ ತಿದ್ದೋದು, ಐಗಳ ಬೆತ್ತ. ಭಾನುವಾರ ರಜೆ ಅನ್ನೋದೇ ಅಲ್ಲಿ ಇರಲಿಲ್ಲ, ಅದು ಇಂಗ್ಲಿಷ್ ಶಾಲೆಗಳ ಜೊತೆ ಬಂದದ್ದು. ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ ಇಂಥ ಅನಧ್ಯಯನದ ದಿನಗಳು ರಜೆ. ಹಬ್ಬ ಅಂದ್ರೆ ರಜೆ. ಕೊಯ್ಲು ಬಂದ್ರೆ ಹುಡುಗರೇ ಬರ್ತಿರಲಿಲ್ಲ, ಐಗಳೂ ಏನೂ ಅಂತಿರಲಿಲ್ಲ, ಅವರ ಸಂಬಳದಲ್ಲಿ ಕಾಳು ಕಡಿಯೂ ಸೇರಿರುತ್ತಿತ್ತು ನೋಡಿ. ಮಾರ್ನಮಿ ಬಂದ್ರಂತೂ ಐಗಳೇ ಹುಡುಗರನ್ನ ಅಲಂಕಾರ ಮಾಡಿ, ಕೋಲು ಕೊಟ್ಟು, ಮನೆ ಮನೆಗೆ ಕರಕೊಂಡು ಹೋಗಿ ಚೌಪದ ಹಾಡಿಸಿ ಕಾಣಿಕೆ ಎತ್ತುತ್ತಿದ್ದರು. ಸ್ಕೂಲು ಬಿಡಿಸಿ ತಿರುಗಾಡಿಸೋದಲ್ಲ, ಸ್ಕೂಲೇ ತಿರುಗಾಡೋದು!

ಕೂಲಿಮಠ ಬಹಳ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಅಲ್ಲಿ ಕೂರೋ ಭಾಗ್ಯ ಯಾವ ಜಾತಿಯ ಹುಡುಗರಿಗಿತ್ತು, ಹುಡುಗಿಯರಿಗೆ ಎಷ್ಟಿತ್ತು ಅಂತ ಕೇಳಿದ್ರೆ ಈ ಚಿತ್ರದ ಬಣ್ಣವೆಲ್ಲ ಇಳಿದು ಹೋಗುತ್ತೆ. ಆದ್ರೆ ಒಂದು ಮಾತು ನಿಜ. ಆ ಶಾಲೆಯ ಪಂಚಾಂಗವೂ ಊರಿನ ಪಂಚಾಂಗವೂ ಒಂದೇ ಆಗಿತ್ತು.

1860ರ ದಶಕದ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಶಾಸನಗಳನ್ನ ಹುಡುಕಿ ತೆಗೆದ ಬಿ.ಎಲ್. ರೈಸ್ ಇದಾರಲ್ಲ, ಅವರೇ ಇದರ ಹಿಂದಿದ್ದ ಶಿಕ್ಷಣಾಧಿಕಾರಿ. ಹಾಜರಿ ಪುಸ್ತಕ, ಇನ್‌ಸ್ಪೆಕ್ಷನ್, ಗೊತ್ತಾದ ವೇಳಾಪಟ್ಟಿ ಇವೆಲ್ಲ ಹಳ್ಳಿಗೆ ಬಂದದ್ದು ಇಂಥ ಶಾಲೆಗಳ ಜೊತೆ. ಹಾಗಂತ ಬರದಿದ್ರೆ ತಪ್ಪು ಅಂತ ಕಾನೂನೇನೂ ಇರಲಿಲ್ಲ. ಬರೋದನ್ನ ಕಡ್ಡಾಯ ಮಾಡೋ ಯೋಚನೆ ನಮ್ಮ ದೇಶದಲ್ಲಿ ಮೊದಲು ಹೊಳೆದದ್ದು ಬರೋಡದ ಸಯಾಜಿರಾವ್ ಗಾಯಕವಾಡರಿಗೆ. 1893ರಲ್ಲಿ ಅಮ್ರೇಲಿ ತಾಲೂಕಿನಲ್ಲಿ ಪ್ರಯೋಗ, 1906ರಲ್ಲಿ ಇಡೀ ಸಂಸ್ಥಾನಕ್ಕೆ. 1911ರಲ್ಲಿ ಗೋಖಲೆಯವರು ಬ್ರಿಟಿಷ್ ಇಂಡಿಯಾಗೂ ಇಂಥದ್ದೊಂದು ಮಸೂದೆ ತಂದ್ರು, ಮರುವರ್ಷ ಬಿದ್ದು ಹೋಯ್ತು. ಮೈಸೂರು ಸಂಸ್ಥಾನ ಕಾಯಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾದ ಮರುವರ್ಷವೇ, 1913ರಲ್ಲಿ, ಎಲಿಮೆಂಟರಿ ಎಜುಕೇಷನ್ ರೆಗ್ಯುಲೇಷನ್ ಬಂತು. ಆರಿಸಿದ ಕೆಲವು ಕಡೆ ಮಾತ್ರ ಕಡ್ಡಾಯ, ಆದ್ರೂ ಕಡ್ಡಾಯ. ಮಗು ಸ್ಕೂಲಿಗೆ ಬರದಿದ್ರೆ ಅದು ಇನ್ಮೇಲೆ ಅಪ್ಪ-ಅಮ್ಮನ ಸ್ವಂತ ವಿಷಯ ಅಲ್ಲ ಅಂತ ನಮ್ಮ ಸರ್ಕಾರ ಹೇಳಿದ್ದು ಅಲ್ಲಿಂದ.

ಸರಿ, ಇಷ್ಟು ಹಿನ್ನೆಲೆ ಸಾಕು. ನನಗೆ ನಿಜವಾಗಿ ಹೇಳಬೇಕಿದ್ದದ್ದು ಗುಬ್ಬಿ ಕಂಪನಿ ವಿಷಯ.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಶುರುವಾದದ್ದೂ 1884ರಲ್ಲೇ. ಕಾಕತಾಳೀಯ ಇರಬಹುದು. ಆದ್ರೆ ಪರದೆ, ಸೀನು, ಪೆಟ್ಟಿಗೆ, ಪಾತ್ರೆ ಪಡಗ, ಹೆಂಗಸರು, ಮಕ್ಕಳು ಎಲ್ಲಾ ಕಟ್ಟಿಕೊಂಡು ಊರಿಂದೂರಿಗೆ ಹೋಗೋ ಕಂಪನಿಗೆ ರೈಲು ಎಷ್ಟು ಅನುಕೂಲ ಆಗಿರಬೇಕು ಯೋಚನೆ ಮಾಡಿ. 1889ಕ್ಕೆ ಆ ಹಳಿ ಹರಿಹರದ ತನಕ ಹೋಯ್ತು. ಕಂಪನಿಯೂ ಹೋಯ್ತು. ಮುಂದೆ ಮದ್ರಾಸು, ಆಂಧ್ರದ ಕಡೆಗೂ.

ಕಂಪನಿ ಅಂದ್ರೆ ಒಂದು ಚಲಿಸೋ ಊರು. ಒಂದು ಕಡೆ ಮೊಕ್ಕಾಂ ಹೂಡಿದ್ರೆ ಕಲೆಕ್ಷನ್ ಇರೋ ತನಕ ಅಲ್ಲೇ, ತಿಂಗಳುಗಟ್ಟಲೆ. ಕಲೆಕ್ಷನ್ ಇಳೀತು ಅಂದ್ರೆ ಥಿಯೇಟರ್ ಬಿಚ್ಚಿ ಮುಂದಿನ ಊರು. ನಟರ ಸಂಸಾರ ಜೊತೆಗೇ. ಮಕ್ಕಳು ಜೊತೆಗೇ. ಪ್ರಹ್ಲಾದ, ಲೋಹಿತಾಶ್ವ, ಮಾರ್ಕಂಡೇಯ, ಬಾಲಕೃಷ್ಣ... ನಮ್ಮ ಪೌರಾಣಿಕ ನಾಟಕಗಳಲ್ಲಿ ಮಕ್ಕಳ ಪಾತ್ರಗಳಿಗೇನು ಕಮ್ಮಿ? ಹಾಗಾಗಿ ಮಗು ಬರೀ ಸಂಸಾರದ ಜೊತೆ ತಿರುಗೋದಲ್ಲ, ಅದೂ ದುಡಿಯುತ್ತಿತ್ತು. ಕಂಪನಿಯ ಒಡೆಯರಾದ ಗುಬ್ಬಿ ವೀರಣ್ಣನವರೇ ಆರೇಳು ವರ್ಷದ ಹುಡುಗನಾಗಿದ್ದಾಗ ಬಾಲನಟನಾಗಿ ಇದೇ ಕಂಪನಿ ಸೇರಿದವರು.

ಆ ಪಟ್ಟಿಯನ್ನ ಒಮ್ಮೆ ನೋಡಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ಹೆಸರಾಂತ ನಟರು. ಅವರ ಮಗ ಮುತ್ತುರಾಜ ಸುಮಾರು ಎಂಟನೇ ವಯಸ್ಸಿಗೇ ಸ್ಕೂಲು ಬಿಟ್ಟು ಅಪ್ಪನ ಹಿಂದೆ ಕಂಪನಿಗೆ ಬಂದ. ಮುಂದೆ ಅವನೇ ಡಾ. ರಾಜ್‌ಕುಮಾರ್. ನಂಜನಗೂಡಿನ ಜಿ.ವಿ. ಅಯ್ಯರ್ ಕೂಡ ಎಂಟನೇ ವಯಸ್ಸಿನಲ್ಲೇ ಕಂಪನಿ ಸೇರಿದವರು, ಭಾರತದ ಮೊದಲ ಸಂಸ್ಕೃತ ಸಿನಿಮಾ 'ಆದಿ ಶಂಕರಾಚಾರ್ಯ' (1983) ತೆಗೆದವರು ಅವರೇ. ನಮ್ಮ ತಿಪಟೂರಿನ ನರಸಿಂಹರಾಜು ಬಣ್ಣ ಹಚ್ಚಿದ್ದೂ ಬಾಲ್ಯದಲ್ಲೇ. ಈ ಮೂವರೂ ಸಿನಿಮಾದಲ್ಲಿ ಒಟ್ಟಿಗೆ ಸಿಕ್ಕಿದ್ದು 1954ರ 'ಬೇಡರ ಕಣ್ಣಪ್ಪ'ದಲ್ಲಿ, ಅದನ್ನ ತಯಾರಿಸಿದ್ದರಲ್ಲಿ ವೀರಣ್ಣನವರ ಸಂಸ್ಥೆಯ ಪಾಲೂ ಇತ್ತು. ಸ್ಕೂಲು ಬಿಟ್ಟು ಊರೂರು ತಿರುಗಿದ ಮೂರು ಮಕ್ಕಳು ಕನ್ನಡ ಸಿನಿಮಾದ ದಿಕ್ಕನ್ನೇ ಬದಲಾಯಿಸಿದ್ರು ಅಂತ ಹೇಳಿಬಿಡಬಹುದು.

ಇಲ್ಲಿಗೆ ನಿಲ್ಲಿಸಿ "ನೋಡಿ, ಸ್ಕೂಲಿಗಿಂತ ತಿರುಗಾಟವೇ ದೊಡ್ಡ ಪಾಠ" ಅಂತ ಬರೆಯೋರು ಬಹಳ ಜನ ಇದಾರೆ. ಫಾರ್ವರ್ಡ್ ಮೆಸೇಜುಗಳಲ್ಲಿ ದಿನಾ ಬರುತ್ತೆ. ನನಗೆ ಒಪ್ಪಿಗೆ ಇಲ್ಲ. ಯುದ್ಧದಿಂದ ವಾಪಸ್ ಬಂದ ವಿಮಾನಗಳ ತೂತು ಎಣಿಸಿದ ಕತೆ ಇಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತಿರುತ್ತೆ, ಬೀಳದೆ ವಾಪಸ್ ಬಂದವು ಮಾತ್ರ ಎಣಿಕೆಗೆ ಸಿಗುತ್ವೆ. ಅದೇ ಕಂಪನಿ, ಅದೇ ಥರದ ಇನ್ನೂ ಹತ್ತಾರು ಕಂಪನಿಗಳಲ್ಲಿ ಲೋಹಿತಾಶ್ವನ ಪಾತ್ರ ಮಾಡಿ, ಗಂಟಲು ಒಡೆದ ಮೇಲೆ ಪಾತ್ರ ಕಳೆದುಕೊಂಡು, ಅತ್ತ ಅಕ್ಷರವೂ ಇಲ್ಲದೆ ಇತ್ತ ಕಸುಬೂ ಇಲ್ಲದೆ ಹೋದ ಹುಡುಗರ ಹೆಸರು ಯಾವ ಪುಸ್ತಕದಲ್ಲಿದೆ? ರಾಜ್‌ಕುಮಾರ್ ಅವರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1982ರಲ್ಲಿ ಗೋಕಾಕ್ ಚಳವಳಿಯ ಮುಂದೆ ಅವರೇ ನಿಂತರು. ಮಕ್ಕಳು ಸ್ಕೂಲಿನಲ್ಲಿ ಯಾವ ಭಾಷೆ ಮೊದಲು ಕಲೀಬೇಕು ಅನ್ನೋ ಚಳವಳಿಗೆ ಮುಂದಾಳು ಪ್ರೈಮರಿ ಸ್ಕೂಲನ್ನೇ ಪೂರ್ತಿ ಮಾಡದ ಮನುಷ್ಯ. ಈ ವಿಚಿತ್ರ ನನ್ನನ್ನ ಯಾವಾಗಲೂ ಕಾಡುತ್ತೆ.

ಕಂಪನಿಯ ಒಡೆಯನಿಗೇ ಇದರ ಅರಿವು ಇತ್ತು ಅನ್ನೋದಕ್ಕೆ ಒಂದು ಸಾಕ್ಷಿ ಇದೆ. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿ ಬಂದ ಒಬ್ಬ ಹುಡುಗ ಕಂಪನಿ ಸೇರಿಕೊಂಡ. ಹಾಡ್ತಾನೆ, ಪಾತ್ರ ಮಾಡ್ತಾನೆ, ಕಂಪನಿಗೆ ಬೇಕಾದವನೇ. ಆದ್ರೂ ವೀರಣ್ಣನವರು ಅವನನ್ನ ಬನಾರಸ್‌ಗೆ ಓದೋಕೆ ಕಳಿಸಿದ್ರು, ಅಲ್ಲಿ ಅವನು ಹಿಂದಿಯಲ್ಲಿ ಎಂ.ಎ. ಮಾಡಿದ. ಅವನೇ ಬಿ.ವಿ. ಕಾರಂತ. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಅದಕ್ಕೇ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ಕಂಪನಿಯ ನೆರಳಲ್ಲೇ ಹುಟ್ಟಿ, ಬಾಲ್ಯದಲ್ಲೇ ರಂಗಕ್ಕೆ ಬಂದು, ಆಮೇಲೆ ಅದೇ ನಾಟಕ ಶಾಲೆಗೆ ಹೋಗಿ ಕಲಿತವರು. ಅಂದ್ರೆ ತಿರುಗಾಟದಲ್ಲಿ ಬೆಳೆದ ಮಕ್ಕಳಿಗೂ ಎಲ್ಲೋ ಒಂದು ಕಡೆ ಸ್ಕೂಲು ಬೇಕಾಯ್ತು. ಸ್ಕೂಲು ಅವರನ್ನ ಮತ್ತೆ ಒಳಗೆ ಸೇರಿಸಿಕೊಳ್ತು ಅನ್ನೋದೂ ಅಷ್ಟೇ ಮುಖ್ಯ.

ಇನ್ನು ಸಂಬಳದವರ ಕಾಲಕ್ಕೆ ಬರೋಣ. ಕುಟುಂಬ ಸಮೇತ "ಟೂರ್" ಹೋಗೋದು ಅನ್ನೋ ಅಭ್ಯಾಸ ನಮ್ಮ ಮಧ್ಯಮ ವರ್ಗಕ್ಕೆ ಬಂದದ್ದರಲ್ಲಿ ಎಲ್‌ಟಿಸಿಯ ಪಾತ್ರ ದೊಡ್ಡದು. ಕೇಂದ್ರ ಸರ್ಕಾರಿ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ ಶುರುವಾದದ್ದು 1956ರಲ್ಲಿ. ಅದಕ್ಕೂ ಮುಂಚೆ ತೀರ್ಥಯಾತ್ರೆ ಅಂದ್ರೆ ವಯಸ್ಸಾದವರ ಕೆಲಸ, ಮಕ್ಕಳಿಗೆ ಅಜ್ಜಿ ಮನೆಯೇ ಊಟಿ. ಎಲ್‌ಟಿಸಿ ಬಂದ ಮೇಲೆ ಬ್ಲಾಕ್ ಇಯರ್ ಮುಗಿಯೋ ಮುಂಚೆ ಹೋಗಿ ಬರಬೇಕು, ಸಾಹೇಬರು ರಜೆ ಕೊಟ್ಟಾಗಲೇ ಹೋಗಬೇಕು. ಮಕ್ಕಳ ರಜೆಗೂ ಅಪ್ಪನ ರಜೆಗೂ ತಾಳೆ ಆಗದಿದ್ರೆ ಮತ್ತೆ ಅದೇ ಜ್ವರದ ಚೀಟಿ.

ಇದರ ಪಕ್ಕದಲ್ಲೇ ಸ್ಕೂಲಿನವರೇ ಕರಕೊಂಡು ಹೋಗೋ ಪ್ರವಾಸ ಇದೆ. ಡಿಸೆಂಬರ್ ಬಂತು ಅಂದ್ರೆ ಸಾರಿಗೆ ಸಂಸ್ಥೆ ಬಸ್ಸು ಬುಕ್ ಮಾಡಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ. ಸರ್ಕಾರವೇ ಚಿಣ್ಣರ ಕರ್ನಾಟಕ ದರ್ಶನ ಅಂತ ಮಾಡಿ ಬಡ ಮಕ್ಕಳನ್ನೂ ಕರಕೊಂಡು ಹೋಯ್ತು, ಒಳ್ಳೇ ಕೆಲಸ. ಆದ್ರೆ ಅದೇ ಬೇಲೂರಿಗೆ ಅಪ್ಪ-ಅಮ್ಮನ ಜೊತೆ ಹೋದ್ರೆ ಗೈರುಹಾಜರಿ, ಸ್ಕೂಲಿನ ಜೊತೆ ಹೋದ್ರೆ ಶೈಕ್ಷಣಿಕ ಪ್ರವಾಸ.

ಇತ್ತೀಚಿನ ದೊಡ್ಡ ಬದಲಾವಣೆ ಅಂದ್ರೆ ಶಕ್ತಿ ಯೋಜನೆ. 2023ರ ಜೂನ್ 11ಕ್ಕೆ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾಯ್ತು. ದಿನಾಂಕ ಗಮನಿಸಿ, ಬೇಸಿಗೆ ರಜೆ ಮುಗಿದು ಸ್ಕೂಲು ಶುರುವಾಗಿ ಹತ್ತು ಹನ್ನೆರಡು ದಿನ! ಮೊದಲ ವಾರಗಳಲ್ಲಿ ಧರ್ಮಸ್ಥಳ, ಕುಕ್ಕೆ ಕಡೆಯ ಬಸ್ಸುಗಳಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಬೆಂಗಳೂರಿನಿಂದ ಆ ಕಡೆ ಹೋಗೋ ಬಸ್ಸೆಲ್ಲ ಕುಣಿಗಲ್ ಮೇಲೇ ಹೋಗಬೇಕಲ್ಲ, ಕುಣಿಗಲ್‌ನವರಿಗೆ ಈ ನಾಡಿನ ತಿರುಗಾಟದ ನಾಡಿಮಿಡಿತ ಮನೆ ಮುಂದೆಯೇ ಕಾಣುತ್ತೆ. (ಅವರಿಗೆ ಸ್ವಂತ ರೈಲು ಸಿಕ್ಕಿದ್ದು ಮಾತ್ರ 2017ರಲ್ಲಿ, ಹಾಸನದ ಹಳಿ ಮುಗಿದ ಮೇಲೆ. ಗುಬ್ಬಿಯವರಿಗಿಂತ ನೂರಕ್ಕೂ ಹೆಚ್ಚು ವರ್ಷ ತಡ!) ಜನ್ಮದಲ್ಲಿ ಮೊದಲ ಸಲ ಗಂಡನ ಹತ್ರ ಟಿಕೆಟ್ಟಿಗೆ ದುಡ್ಡು ಕೇಳದೆ ಸಮುದ್ರ ನೋಡೋಕೆ ಹೊರಟ ಹೆಂಗಸು ಮಕ್ಕಳನ್ನ ಮನೇಲಿ ಬಿಟ್ಟು ಹೋಗ್ತಾಳಾ? ಆ ಪ್ರಯಾಣವನ್ನ ಹಾಜರಿ ಪುಸ್ತಕದ ಒಂದು ಸೊನ್ನೆ ಅಂತ ನೋಡೋಕೆ ನನಗೆ ಮನಸ್ಸು ಬರಲ್ಲ.

ಇಷ್ಟೆಲ್ಲ ನಾನು ಓದೋಕೆ ಶುರು ಮಾಡಿದ್ದು ಒಂದು ಸಣ್ಣ ಕಾರಣಕ್ಕೆ. ಅಕ್ಕನ ಮಗಳು ತುಮಕೂರಿನ ಒಂದು ಸ್ಕೂಲಿನಲ್ಲಿ ಐದನೇ ಕ್ಲಾಸು. ಮನೆದೇವರು, ಗುಬ್ಬಿ ಜಾತ್ರೆ, ಅದರ ಬೆನ್ನಿಗೇ ಒಂದು ಮದುವೆ ಅಂತ ಒಟ್ಟು ಎಂಟು ದಿನ ಹೋಗಲಿಲ್ಲ. ಅಕ್ಕ ಈ ಕಾಲದವಳು, ಚೀಟಿಯಲ್ಲಿ ಜ್ವರ ಅಂತ ಬರೀಲಿಲ್ಲ, ಇದ್ದದ್ದು ಇದ್ದ ಹಾಗೆ ಬರೆದಳು. ಸ್ಕೂಲಿನಿಂದ ಫೋನು ಬಂತು. ಏಳು ದಿನಕ್ಕಿಂತ ಜಾಸ್ತಿ ಆದ್ರೆ ಶಾಲೆ ಬಿಟ್ಟ ಮಗು ಅಂತ ಲೆಕ್ಕ ಬರುತ್ತೆ ಮೇಡಂ, ಜ್ವರ ಅಂತಲೇ ಬರೆದುಕೊಡಿ ಅಂತ! ಅಕ್ಕ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಈ ಏಳು ದಿನ ಎಲ್ಲಿಂದ ಬಂತೋ?"

ಅದಕ್ಕೂ ಒಂದು ಚರಿತ್ರೆ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವೂ ಸ್ಕೂಲಿನಲ್ಲಿರಬೇಕು. ಆದ್ರೆ ಸ್ಕೂಲು ಬಿಟ್ಟ ಮಗು ಅಂತ ಯಾರನ್ನ ಕರೀಬೇಕು? ನಮ್ಮ ರಾಜ್ಯದಲ್ಲಿ ಮೊದಲು ಇದ್ದ ಲೆಕ್ಕ 60 ದಿನ. ಎರಡು ತಿಂಗಳು ಸತತ ಬರದಿದ್ರೆ ಆಮೇಲೆ ಹುಡುಕೋಕೆ ಹೊರಡೋದು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆ ಬಿಟ್ಟ ಮಕ್ಕಳ ಬಗ್ಗೆ ತಾನಾಗಿಯೇ ವಿಚಾರಣೆ ಕೈಗೆತ್ತಿಕೊಂಡಿತು. ಆ ಒತ್ತಡದಲ್ಲೇ 60 ಹೋಗಿ ಏಳು ಬಂತು. ರಜೆ ಕೇಳದೆ ಏಳು ದಿನ ಬರದಿದ್ರೆ ವಿಚಾರಿಸಬೇಕು ಅಂತ.

ಯಾರಿಗೋಸ್ಕರ ಮಾಡಿದ್ದು ಇದು? ಅಕ್ಕನ ಮಗಳಿಗೋಸ್ಕರ ಅಲ್ಲ. ಒಣ ಕಾಲ ಬಂದ್ರೆ ಜಾತ್ರೆಯಷ್ಟೇ ಅಲ್ಲ, ಇಟ್ಟಿಗೆ ಗೂಡುಗಳೂ ಶುರುವಾಗುತ್ವೆ. ಮಳೆ ನಿಂತ ಮೇಲೆ ತಾನೇ ಇಟ್ಟಿಗೆ ಒಣಗೋದು. ಸುಗ್ಗಿ ಮುಗಿದು ಊರಲ್ಲಿ ಕೂಲಿ ಇಲ್ಲದಾಗ ಉತ್ತರದ ಜಿಲ್ಲೆಗಳಿಂದ ಸಂಸಾರಗಳು ಗಂಟು ಕಟ್ಟಿಕೊಂಡು ಬರ್ತಾವೆ, ಕಲಬುರಗಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋಗ್ತಾವೆ. ಮಕ್ಕಳು ಜೊತೆಗೇ, ಗುಬ್ಬಿ ಕಂಪನಿಯ ಮಕ್ಕಳ ಹಾಗೇ. ಅವರಿಗೆ ಅಂತ ಟೆಂಟ್ ಶಾಲೆ, ಋತುಮಾನದ ಹಾಸ್ಟೆಲ್ ಅಂತೆಲ್ಲ ಮಾಡಿದ್ರು. ಮಳೆ ಬಂದಾಗ ಊರಿಗೆ ವಾಪಸ್ ಹೋಗೋ ಹೊತ್ತಿಗೆ ಆ ಮಗುವಿನ ತರಗತಿ ಮುಂದೆ ಹೋಗಿರುತ್ತೆ. ಒಂದು ವರ್ಷ ಹೀಗಾದ್ರೆ ಕಷ್ಟ ಪಟ್ಟು ಹಿಡೀಬಹುದು. ಎರಡು ವರ್ಷ ಆದ್ರೆ ಮಗು ಮತ್ತೆ ಬರಲ್ಲ. 60 ದಿನ ಕಾದು ಹುಡುಕೋದಂದ್ರೆ ಗೂಡಿನ ಸೀಸನ್ ಅರ್ಧ ಮುಗಿದ ಮೇಲೆ ಹುಡುಕೋದು. ಅದಕ್ಕೇ ಏಳು ದಿನ ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ.

ಆದ್ರೆ ನಾನು ಆಫೀಸಿನಲ್ಲಿ ಮಾಡೋ ಕೆಲಸ ಸರ್ವರ್‌ಗಳ ಮೇಲೆ ಕಣ್ಣಿಡೋದು. ಅಲ್ಲಿ ಒಂದು ಮಾಮೂಲಿ ಪೀಡೆ ಇದೆ. ಅಲಾರಂ ಬೇಗ ಹೊಡೀಲಿ ಅಂತ ಮಿತಿ ಇಳಿಸಿದ್ರೆ ನಿಜವಾದ ತೊಂದರೆ ಬೇಗ ಸಿಗುತ್ತೆ ಹೌದು, ಜೊತೆಗೆ ಸುಳ್ಳು ಅಲಾರಂ ಹತ್ತರಷ್ಟು ಬರುತ್ತೆ. ಹತ್ತು ದಿನ ಆದ ಮೇಲೆ ಅಲಾರಂ ಬಂದ್ರೂ ಯಾರೂ ತಿರುಗಿ ನೋಡಲ್ಲ. ಸ್ಕೂಲಿನಲ್ಲೂ ಆಗೋದು ಇದೇ. ಜಾತ್ರೆಗೆ ಹೋದ ಮಗು, ಮದುವೆಗೆ ಹೋದ ಮಗು, ಅಯ್ಯಪ್ಪನ ಮಾಲೆ ಹಾಕಿ ಅಪ್ಪನ ಜೊತೆ ಶಬರಿಮಲೆಗೆ ಹೋದ ಮಗು, ಗೂಡಿಗೆ ಹೋದ ಮಗು, ನಾಲ್ಕಕ್ಕೂ ಒಂದೇ ಬಣ್ಣದ ಗುರುತು. ಅದನ್ನ ತಪ್ಪಿಸೋಕೆ ಮೂವರ ಚೀಟಿಯಲ್ಲಿ ಜ್ವರ ಅಂತ ಬರೆಸಿಕೊಳ್ತಾರೆ. ನಾಲ್ಕನೇ ಮಗುವಿನ ಅಪ್ಪ-ಅಮ್ಮನಿಗೆ ಚೀಟಿ ಬರೆಯೋಕೆ ಬರಲ್ಲ, ಬಂದ್ರೂ ಅವರು ಊರಲ್ಲಿಲ್ಲ. ಆ ಮಗುವಿಗೂ ಯಾರೋ ಒಬ್ಬರು ಜ್ವರ ಅಂತ ಬರೆದುಬಿಟ್ರೆ? ನನಗೆ ಭಯ ಇರೋದು ಅದು. ಸುಳ್ಳು ಚೀಟಿಯಿಂದ ಅಕ್ಕನ ಮಗಳಿಗೆ ಏನೂ ನಷ್ಟ ಇಲ್ಲ. ನಷ್ಟ ಆಗೋದು ಇನ್ಯಾರಿಗೋ.

ಬೇರೆ ದೇಶಗಳು ಇದನ್ನ ಹೇಗೆ ಬಗೆಹರಿಸಿಕೊಂಡಿವೆ ಅಂತ ನೋಡಿದ್ರೆ ನಮಗಿಂತ ಜಾಸ್ತಿ ಕಟ್ಟುನಿಟ್ಟು. ಇಂಗ್ಲೆಂಡಿನಲ್ಲಿ ಶಾಲಾ ಹಾಜರಿ ಕಡ್ಡಾಯ ಆದದ್ದು 1880ರಲ್ಲಿ. ಆದ್ರೂ ಎಷ್ಟೋ ದಶಕಗಳ ಕಾಲ ಲಂಡನ್ನಿನ ಬಡ ಸಂಸಾರಗಳು ಸೆಪ್ಟೆಂಬರಿನಲ್ಲಿ ಮಕ್ಕಳು ಮರಿ ಸಮೇತ ಕೆಂಟ್ ಕಡೆ ಹೊರಡ್ತಿದ್ವು, ಬಿಯರಿಗೆ ಹಾಕೋ ಹಾಪ್ ಹೂವು ಬಿಡಿಸೋಕೆ. ಅವರಿಗೆ ಅದೇ ಕೂಲಿ, ಅದೇ ಪ್ರವಾಸ. ಕೆಂಟಿನ ಎಷ್ಟೋ ಶಾಲೆಗಳು ಬೇರೆ ದಾರಿ ಕಾಣದೆ ತಮ್ಮ ರಜೆಯನ್ನೇ ಹಾಪ್ ಕೊಯ್ಲಿಗೆ ಹೊಂದಿಸಿಕೊಂಡಿದ್ವು. ಆಮೇಲಾಮೇಲೆ ಹೆಡ್‌ಮಾಸ್ಟರು ವಿಶೇಷ ಸಂದರ್ಭ ಅಂತ ಒಪ್ಪಿದ್ರೆ ವರ್ಷಕ್ಕೆ ಹತ್ತು ದಿನದ ತನಕ ಪ್ರವಾಸಕ್ಕೆ ರಜೆ ಕೊಡೋ ಅವಕಾಶ ಇತ್ತು. 2013ರ ಸೆಪ್ಟೆಂಬರಿನಲ್ಲಿ ಅದನ್ನೂ ತೆಗೆದರು.

2015ರಲ್ಲಿ ಐಲ್ ಆಫ್ ವೈಟ್ ದ್ವೀಪದ ಜಾನ್ ಪ್ಲ್ಯಾಟ್ ಅನ್ನೋವ್ರು ಮಗಳನ್ನ ಏಳು ದಿನ ಸ್ಕೂಲು ಬಿಡಿಸಿ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ಗೆ ಕರಕೊಂಡು ಹೋದರು. (ಅಲ್ಲೂ ಏಳೇ ದಿನ!) 60 ಪೌಂಡ್ ದಂಡ ಬಿತ್ತು. ಕಟ್ಟಲ್ಲ ಅಂದ್ರು, 120 ಆಯ್ತು. ಕೋರ್ಟಿಗೆ ಹೋಯ್ತು. ಈ ಪ್ರವಾಸ ಲೆಕ್ಕಕ್ಕೆ ತಗೊಂಡ್ರೂ ಮಗಳ ಹಾಜರಿ ಶೇ. 90 ದಾಟಿತ್ತು, ಕಾನೂನಿನಲ್ಲಿ ಇರೋದು "ನಿಯಮಿತವಾಗಿ" ಹಾಜರಾಗಬೇಕು ಅಂತ ಮಾತ್ರ ಅನ್ನೋದು ಅವರ ವಾದ. ಕೆಳಗಿನ ಕೋರ್ಟುಗಳಲ್ಲಿ ಗೆದ್ದರು. 2017ರ ಏಪ್ರಿಲಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಿರುಗಿಸಿ ಹಾಕಿತು. ನಿಯಮಿತ ಅಂದ್ರೆ ಸ್ಕೂಲಿನ ನಿಯಮದ ಪ್ರಕಾರ ಅಂತ ಅರ್ಥ ಅಂತ ಲೇಡಿ ಹೇಲ್ ತೀರ್ಪು ಕೊಟ್ಟರು. 2024ರ ಆಗಸ್ಟಿನಿಂದ ದಂಡ 80 ಪೌಂಡ್, ತಡ ಮಾಡಿದ್ರೆ 160.

ಅಲ್ಲಿರೋ ಕನ್ನಡದವರ ಪಾಡು ಇನ್ನೊಂದು. ಅವರ ಮಕ್ಕಳಿಗೆ ದೊಡ್ಡ ರಜೆ ಸಿಗೋದು ಜುಲೈ ಕೊನೆಯಿಂದ. ಆಗ ಇಲ್ಲಿ ಆಷಾಢವೋ ಶ್ರಾವಣವೋ ನಡೀತಿರುತ್ತೆ, ಜಾತ್ರೆಯ ಕಾಲ ಮುಗಿದು ಮೂರು ತಿಂಗಳಾಗಿರುತ್ತೆ, ಮಾಘದಿಂದ ಜ್ಯೇಷ್ಠದ ತನಕದ ಮದುವೆಗಳಂತೂ ಯಾವಾಗಲೋ ಆಗಿಹೋಗಿರುತ್ವೆ, ವಿಮಾನದ ಟಿಕೆಟ್ ಮಾತ್ರ ಮುಗಿಲಿಗೆ. ಮಾರ್ಚಿನ ತೇರಿಗೆ ಮಗುವನ್ನ ಕರಕೊಂಡು ಬರ್ತೀನಿ ಅಂದ್ರೆ ಅಪ್ಪನಿಗೆ ಒಂದು ದಂಡ, ಅಮ್ಮನಿಗೆ ಒಂದು ದಂಡ. ಅಲ್ಲಿ ದಂಡ ಪ್ರತಿ ಮಗುವಿಗೆ, ಪ್ರತಿ ಪೋಷಕರಿಗೆ ಬೇರೆ ಬೇರೆ. ತೇರಿನ ದರ್ಶನಕ್ಕೆ ಟಿಕೆಟ್ ಇಲ್ಲ ಅಂದವರು ಯಾರು!

ಹಾಗಂತ ದಾರಿಯೇ ಇಲ್ಲ ಅಂತಲ್ಲ. ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಸರ್ಕಾರ ಪ್ರತಿ ವರ್ಷ ಹೊರಡಿಸೋ ರಜಾ ಪಟ್ಟಿಯ ಕೆಳಗೆ ಕೊಡಗು ಜಿಲ್ಲೆಗೆ ಮಾತ್ರ ಅಂತ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಹಬ್ಬಗಳಿಗೆ ಸ್ಥಳೀಯ ರಜೆ ಇರುತ್ತೆ. ಮೂರೂ ಅಲ್ಲಿನ ಬೇಸಾಯ, ಕೊಯ್ಲು, ಕಾವೇರಿಯ ಲೆಕ್ಕದ ಹಬ್ಬಗಳು. ದಕ್ಷಿಣ ಕನ್ನಡದಲ್ಲಿ ಕೆಲವು ಸ್ಕೂಲುಗಳು ದಸರಾ ರಜೆ ಕಡಿಮೆ ಮಾಡಿಕೊಂಡು ಕ್ರಿಸ್‌ಮಸ್ಸಿಗೆ ಕೊಡ್ತಾವೆ. ಒಟ್ಟು ದಿನ ಅಷ್ಟೇ, ಜಾಗ ಮಾತ್ರ ಬೇರೆ. ಸರ್ಕಾರಕ್ಕೆ ಬೇಕಾದಾಗ ರಜೆ ಎಷ್ಟು ಸಲೀಸಾಗಿ ಸರಿದಾಡುತ್ತೆ ಅಂತ 2025ರ ದಸರಾದಲ್ಲೇ ನೋಡಿದ್ವಲ್ಲ. ಅಕ್ಟೋಬರ್ 7ಕ್ಕೆ ಮುಗೀಬೇಕಿದ್ದ ರಜೆಯನ್ನ ಮೇಷ್ಟ್ರುಗಳು ಜಾತಿ ಸಮೀಕ್ಷೆ ಮುಗಿಸಲಿ ಅಂತ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ 18ರ ತನಕ ಎಳೆದರು. ಆ ಹತ್ತು-ಹನ್ನೊಂದು ದಿನಕ್ಕೆ ಯಾವ ಮಗುವೂ ಚೀಟಿ ತರಬೇಕಾಗಲಿಲ್ಲ.

ತುಮಕೂರು, ಗುಬ್ಬಿ, ಕುಣಿಗಲ್ ತಾಲೂಕುಗಳಿಗೆ ಶಿವರಾತ್ರಿಯಿಂದ ಯುಗಾದಿ ತನಕ ಅವರವರ ತೇರಿನ ಮೂರು ಮೂರು ದಿನ ಕೊಟ್ಟು, ಅದನ್ನ ಮೇ ಕೊನೆಯಲ್ಲಿ ಮುರಿದುಕೊಂಡ್ರೆ ಏನು ನಷ್ಟ ಅಂತ ನನಗಂತೂ ಗೊತ್ತಾಗ್ತಿಲ್ಲ. ಎಸ್ಸೆಸ್ಸೆಲ್ಸಿಯವರನ್ನ ಬಿಟ್ಟುಬಿಡಿ, ಅವರಿಗೆ ಶೇ. 75 ಹಾಜರಿಯ ಬೇಲಿ ಇದೆ, ಪರೀಕ್ಷೆ ರಾಜ್ಯಕ್ಕೆಲ್ಲ ಒಂದೇ ದಿನ. ಒಂದರಿಂದ ಏಳನೇ ಕ್ಲಾಸಿನವರಿಗೆ ಮಾಡಬಹುದು. ಆಗ ಚೀಟಿಯಲ್ಲಿ ಜಾತ್ರೆ ಅಂತ ಬರೆಯೋ ಅಗತ್ಯವೂ ಇರಲ್ಲ, ಜ್ವರ ಅಂತ ಬರೆಯೋ ಅಗತ್ಯವೂ ಇರಲ್ಲ. ಆಮೇಲೂ ಏಳು ದಿನ ಕಾಣದೆ ಹೋದ ಮಗು ಎಲ್ಲಿದೆ ಅಂತ ಮೇಷ್ಟ್ರು ನಿಜವಾಗಲೂ ಹುಡುಕೋಕೆ ಹೋಗಬಹುದು.

ಅಕ್ಕ ಚೀಟಿ ಬದಲಾಯಿಸಿ ಬರೆದುಕೊಡಲಿಲ್ಲ. ಪೋರ್ಟಲ್‌ನಲ್ಲಿ ಏನಂತ ತುಂಬಿದ್ರೋ ಸ್ಕೂಲಿನವರನ್ನೇ ಕೇಳಬೇಕು.